ಹಲ್ಲಿನ ಎಕ್ಸ್‌ರೇ ಫಿಲ್ಮ್‌ಗಳನ್ನು ಸ್ಕ್ಯಾನ್ ಮಾಡಿ ಎಸೆಯುವ ಮುನ್ನ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಸರ್ಕಾರಿ ದಂತ ಆಸ್ಪತ್ರೆಗಳ ಹಳೆಯ ಎಕ್ಸ್‌ರೇ ಫಿಲ್ಮ್‌ಗಳನ್ನು ಡಿಜಿಟಲ್ ಮಾಡುವುದಕ್ಕೆ ನಮ್ಮ ತಕರಾರಿಲ್ಲ. ಸ್ಕ್ಯಾನ್ ಹೇಗಿರಬೇಕೆಂದು ಟೆಂಡರ್‌ನಲ್ಲಿ ಬರೆಯದೆ ಮೂಲ ಫಿಲ್ಮ್‌ಗಳನ್ನು ವಿಲೇವಾರಿ ಮಾಡಬೇಡಿ ಎಂಬುದಷ್ಟೇ ಕೋರಿಕೆ.

ಬಾಯೊಳಗಿಟ್ಟು ತೆಗೆದ ಫಿಲ್ಮ್ ಸರಿಯಾಗಿ ಡೆವಲಪ್ ಆಗಿದ್ದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 20 ಜೋಡಿ ಗೆರೆಗಳನ್ನು ಬಿಡಿಬಿಡಿಯಾಗಿ ತೋರಿಸುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್‌ನಲ್ಲಿ ಆ ಸಂಖ್ಯೆ 6 ಮುಟ್ಟುವುದಿಲ್ಲ, 600ರಲ್ಲಿ 12 ಮುಟ್ಟುವುದಿಲ್ಲ. ಕಾಗದಪತ್ರಕ್ಕೆ 300 ಧಾರಾಳವಾಯಿತು. ಆದರೆ ಬೇರುನಾಳದ ಉದ್ದ ಅಳೆಯಲು ಇಳಿಸುವ 10ನೇ ನಂಬರಿನ ಫೈಲ್ ಎಂಬ ಸೂಜಿಯಂಥ ಉಪಕರಣದ ತುದಿಯ ದಪ್ಪ 0.1 ಮಿ.ಮೀ.; 300 ಡಿಪಿಐಯ ಒಂದು ಪಿಕ್ಸೆಲ್ಲೇ 0.085 ಮಿ.ಮೀ. ಫೈಲ್ ಎಲ್ಲಿ ಮುಗಿಯಿತು, ಬೇರು ಎಲ್ಲಿ ಮುಗಿಯಿತು ಎಂಬುದು ಕಲಸಿಹೋಗುತ್ತದೆ. ಕನಿಷ್ಠ 600, ಬೇರುನಾಳದ ಫಿಲ್ಮ್‌ಗಳಿಗೆ 1200 ಬೇಕು. ಅದೂ ಆಪ್ಟಿಕಲ್ ರೆಸಲ್ಯೂಷನ್, ಅಂದರೆ ಸ್ಕ್ಯಾನರ್ ನಿಜವಾಗಿ ಗ್ರಹಿಸುವ ಚುಕ್ಕಿಗಳ ಸಂಖ್ಯೆ ಆಗಿರಬೇಕು. ಸಾಫ್ಟ್‌ವೇರ್ ಹಿಗ್ಗಿಸಿದ ಸಂಖ್ಯೆ ಲೆಕ್ಕಕ್ಕಿಲ್ಲ.

ಇನ್ನೂ ದೊಡ್ಡ ನಷ್ಟ ಆಗುವುದು ಬೂದು ಛಾಯೆಗಳಲ್ಲಿ. ಕಾಗದದ ಸ್ಕ್ಯಾನರ್‌ನಲ್ಲಿ ಬೆಳಕು ಫಿಲ್ಮ್‌ನೊಳಗೆ ಹೋಗಿ, ತಿರುಗಿ ಬರುವುದರಿಂದ ದಟ್ಟ ಭಾಗಗಳೆಲ್ಲ ಒಂದೇ ಕಪ್ಪಾಗುತ್ತವೆ. ಹಲ್ಲುಗಳ ನಡುವಿನ ತೆಳು ಮೂಳೆಯ ಅಂಚು ಕಾಣಬೇಕಾದದ್ದು ಅಲ್ಲೇ. ಮುಚ್ಚಳದಲ್ಲಿ ದೀಪವಿರುವ ಸ್ಕ್ಯಾನರ್, ಬೂದಿನ ಸೂಕ್ಷ್ಮ ಹಂತಗಳನ್ನು ಉಳಿಸುವ 16 ಬಿಟ್ ಗ್ರೇಸ್ಕೇಲ್, ವಿವರ ಕಳೆಯದೆ ಉಳಿಸುವ ಟಿಫ್ ಕಡತ ಬೇಕು. ಜೆಪೆಗ್‌ನಲ್ಲಿ ಒತ್ತಿ ಕುಗ್ಗಿಸಿದಷ್ಟೂ ಆರಂಭದ ಹುಳುಕಿನ ಮಸುಕು ನೆರಳು ಅಳಿಸಿಹೋಗುತ್ತದೆ. 31×41 ಮಿ.ಮೀ. ಫಿಲ್ಮ್ 600 ಡಿಪಿಐಯಲ್ಲಿ ಸುಮಾರು 1.4 ಎಂಬಿ ಅಷ್ಟೇ, ಜಾಗ ಉಳಿಸುವ ನೆಪಕ್ಕೆ ಆಧಾರವಿಲ್ಲ.

ಅಂಚುಗಳನ್ನು ಎದ್ದುಕಾಣಿಸುವ ಸ್ಕ್ಯಾನರ್‌ನ ಶಾರ್ಪನಿಂಗ್ ಆಫ್ ಇರಲಿ. ಅದು ಫಿಲ್ಲಿಂಗ್ ಅಂಚಿಗೆ ಕಪ್ಪು ಗೆರೆ ಎಳೆದು, ಇಲ್ಲದ ಹುಳುಕನ್ನು ಇದೆಯೆನಿಸುತ್ತದೆ. ಒಳ್ಳೆಯ ಹಲ್ಲನ್ನು ಕೊರೆದುಬಿಡುವ ಅಪಾಯವಿದೆ. ಫಿಲ್ಮ್‌ನ ಮೂಲೆಯ ಉಬ್ಬು ಚುಕ್ಕಿ ಗಾಜಿನ ಕಡೆಗಿರಲಿ. ಮಗುಚಿಟ್ಟರೆ ಎಡ ಬಲವಾಗುತ್ತದೆ. ಮೊಬೈಲ್‌ನಲ್ಲಿ ಕ್ಲಿಕ್ಕಿಸಿದ್ದು ದಾಖಲೆಯಲ್ಲ.

ಪ್ರತಿದಿನ ಕೆಲಸ ಶುರುವಾಗುವ ಮೊದಲು ಮೆಟ್ಟಿಲು ಮೆಟ್ಟಿಲಾಗಿ ದಪ್ಪ ಹೆಚ್ಚುವ ಅಲ್ಯೂಮಿನಿಯಂ ತುಂಡಿನ ಎಕ್ಸ್‌ರೇ ಫಿಲ್ಮ್ ಒಂದನ್ನು ಸ್ಕ್ಯಾನ್ ಮಾಡಿಸಿ. ಲೈಟ್ ಬಾಕ್ಸ್ ಮೇಲೆ ಕಾಣುವ ಮೆಟ್ಟಿಲುಗಳೆಲ್ಲ ಪರದೆಯ ಮೇಲೂ ಬೇರೆಬೇರೆಯಾಗಿ ಕಾಣದಿದ್ದರೆ ಆ ದಿನದ ಕೆಲಸ ನಿಲ್ಲಬೇಕು. ಈ ಷರತ್ತು ಟೆಂಡರ್‌ನಲ್ಲೇ ಇರಲಿ. ಸ್ಕ್ಯಾನನ್ನು ಮೂಲದ ಪಕ್ಕದಲ್ಲಿಟ್ಟು ನೋಡಿ ದಂತವೈದ್ಯರೊಬ್ಬರು ಸಹಿ ಹಾಕುವವರೆಗೆ ಒಂದು ಫಿಲ್ಮ್ ಕೂಡ ಆಸ್ಪತ್ರೆ ಬಿಟ್ಟು ಹೊರಹೋಗದಂತೆ ಆದೇಶಿಸಿ.

ಇಂತಿ,
ದಂತ ವಿಕಿರಣ ಚಿತ್ರಣದಲ್ಲಿ ಕೆಲಸ ಮಾಡುವ ವೈದ್ಯರು ಮತ್ತು ತಂತ್ರಜ್ಞರು