ಬೇಸ್‌ಮೆಂಟಿನ ಡಬ್ಬ ಎಸೆಯುವ ಮುಂಚೆ

ನಮಸ್ಕಾರ,

ಕಳೆದ ತಿಂಗಳು ನಮ್ಮ ಕನ್ನಡ ಕೂಟದ ಹೊಸ ಸದಸ್ಯರೊಬ್ಬರು ಫೋನ್ ಮಾಡಿದ್ದರು. ಸ್ಕ್ರ್ಯಾಂಟನ್ ಹತ್ತಿರ ಒಂದು ಮನೆ ನೋಡಿದ್ದಾರೆ. ಪೂರ್ವಕ್ಕೆ ಬಾಗಿಲು, ದೊಡ್ಡ ಅಡುಗೆಮನೆ, ನ್ಯೂಜೆರ್ಸಿಯ ರೇಟು ಕೇಳಿ ಸುಸ್ತಾದವರಿಗೆ ಹಿಡಿಸುವ ಬೆಲೆ. "ಎಲ್ಲಾ ಸರಿ ಇದೆ ಸಾರ್. ಆದ್ರೆ ಏಜೆಂಟ್ ಗಣಿ ಕುಸಿತದ ಇನ್ಶೂರೆನ್ಸ್ ತಗೊಳ್ಳಿ ಅಂತಿದ್ದಾರೆ. ನಾನೇನು ಗಣಿ ಕೊಂಡ್ಕೊಳ್ತಾ ಇದ್ದೀನಾ?"

ನಗು ಬಂತು. ಆದರೆ ಏಜೆಂಟ್ ಹೇಳಿದ್ದು ಸರಿಯಾಗೇ ಇತ್ತು. ಪೆನ್ಸಿಲ್ವೇನಿಯಾದ ಈ ಭಾಗದಲ್ಲಿ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ನೆಲದಡಿಯಿಂದ ಕಲ್ಲಿದ್ದಲು ತೆಗೆದಿದ್ದಾರೆ. ಊರ ಕೆಳಗೆ ಇನ್ನೊಂದು ಊರಿದೆ ಅಂತಲೇ ಹೇಳಬಹುದು. ಒಮ್ಮೊಮ್ಮೆ ಆ ಕೆಳಗಿನ ಊರು ಕುಸಿಯುತ್ತದೆ, ಮೇಲಿನ ಊರಿನ ಗೋಡೆ ಬಿರುಕು ಬಿಡುತ್ತದೆ. ಮಾಮೂಲಿ ಮನೆ ಇನ್ಶೂರೆನ್ಸ್ ಇದಕ್ಕೆ ದುಡ್ಡು ಕೊಡುವುದಿಲ್ಲ. ಅದಕ್ಕೇ ರಾಜ್ಯ ಸರ್ಕಾರವೇ ಬೇರೆ ಇನ್ಶೂರೆನ್ಸ್ ಮಾರುತ್ತದೆ. ನಿಮ್ಮ ಮನೆ ಕೆಳಗೆ ಏನಿದೆ ಅಂತ ನೋಡುವುದಕ್ಕೆ ಹಳೆಯ ಗಣಿ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ.

ನಾವಿಬ್ಬರೂ ಫೋನಿನಲ್ಲೇ ಆ ನಕ್ಷೆ ತೆಗೆದು ಕೂತೆವು. ಪೂಜೆಯ ಸಮಯ ಮೀರಿತು ಅಂತ ನನ್ನ ಹೆಂಡತಿ ಎರಡು ಸಲ ಬಂದು ನೋಡಿಕೊಂಡು ಹೋದಳು.

ಆ ನಕ್ಷೆಗಳ ಹಿಂದೆ ಒಂದು ಸಂಕಟದ ಕತೆಯಿದೆ. 1869ರ ಸೆಪ್ಟೆಂಬರ್ 6ರಂದು ಪ್ಲಿಮತ್ ಹತ್ತಿರದ ಏವನ್‌ಡೇಲ್ ಗಣಿಯಲ್ಲಿ ಬೆಂಕಿ ಬಿತ್ತು. ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಇದ್ದದ್ದು ಒಂದೇ ಬಾವಿಯಂಥ ದಾರಿ. ಅದರ ತಲೆಯ ಮೇಲೇ ಮರದ ದೊಡ್ಡ ಕಟ್ಟಡ. ಕಟ್ಟಡ ಉರಿದು ದಾರಿಯೊಳಗೆ ಬಿತ್ತು. 110 ಜನ ಸತ್ತರು. ಅವರಲ್ಲಿ ಇಬ್ಬರು ಕಾಪಾಡಲು ಇಳಿದವರು. ಮರುವರ್ಷ ಕಾನೂನು ಬಂತು: ಎರಡು ದಾರಿ ಇರಲೇಬೇಕು, ಗಣಿಯ ಸರಿಯಾದ ನಕ್ಷೆ ಇಡಲೇಬೇಕು. ಹೀಗೆ ಶುರುವಾಯಿತು ಈ ಕಾಗದದ ರಾಶಿ.

ಕಾಗದ ಇದ್ದರೆ ಸಾಲದು, ಅದು ಎಲ್ಲಿದೆ ಅಂತಲೂ ಗೊತ್ತಿರಬೇಕು. ಕ್ವೆಕ್ರೀಕ್ ಗಣಿಯ ಹೆಸರು ಕೆಲವರಿಗೆ ನೆನಪಿರಬಹುದು. 2002ರ ಜುಲೈ, ರಾಜ್ಯದ ಆ ಕಡೆ ಸಾಮರ್‌ಸೆಟ್ ಕೌಂಟಿ. ಪಕ್ಕದಲ್ಲಿ ಸ್ಯಾಕ್ಸ್‌ಮನ್ ಅನ್ನುವ ಹಳೆಯ ಗಣಿ. 1960ರ ದಶಕದಲ್ಲೇ ಮುಚ್ಚಿದ್ದು, ನೀರು ತುಂಬಿತ್ತು. ಕೈಯಲ್ಲಿದ್ದ ನಕ್ಷೆಯ ಪ್ರಕಾರ ಅದು ಇನ್ನೂ 300 ಅಡಿ ದೂರ. ನಿಜಕ್ಕೂ ಅದು ಗೋಡೆಯಾಚೆಯೇ ಇತ್ತು. ಗೋಡೆ ಒಡೆಯಿತು, ನೀರು ನುಗ್ಗಿತು. ಒಂಬತ್ತು ಜನ 240 ಅಡಿ ಆಳದಲ್ಲಿ ಸಿಕ್ಕಿಕೊಂಡರು. ಸತ್ತರೆ ಹೆಣಗಳು ಒಂದೇ ಕಡೆ ಸಿಗಲಿ ಅಂತ ಒಬ್ಬರಿಗೊಬ್ಬರು ಕಟ್ಟಿಕೊಂಡರು. ಮನೆಯವರಿಗೆ ಚೀಟಿ ಬರೆದು ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟರು. ಮೂರು ದಿನ ದಾಟಿದ ಮೇಲೆ ಒಂಬತ್ತೂ ಜನ ಜೀವಂತವಾಗಿ ಮೇಲೆ ಬಂದರು. ಆಗ ಟಿವಿ ಮುಂದೆ ಕೂತು ನೋಡಿದ್ದು ನನಗಿನ್ನೂ ನೆನಪಿದೆ.

ಆದರೆ ನಾನು ಹೇಳಬೇಕೆಂದಿರುವುದು ಅದರ ನಂತರದ ಸಂಗತಿ. ಸ್ಯಾಕ್ಸ್‌ಮನ್ ಗಣಿಯ ಇನ್ನೂ ಪೂರ್ತಿಯಾದ ನಕ್ಷೆಯೊಂದು ಆಮೇಲೆ ಸಿಕ್ಕಿತು. ಎಲ್ಲಿ? ಅದೇ ಕೌಂಟಿಯ ವಿಂಡ್‌ಬರ್ ಊರಿನ ಕಲ್ಲಿದ್ದಲು ಮ್ಯೂಸಿಯಂನಲ್ಲಿ. ಹಿಂದಿನ ಕಾಲದ ಗಣಿ ಇನ್‌ಸ್ಪೆಕ್ಟರ್ ಒಬ್ಬರ ಮನೆಯವರು ಕೊಟ್ಟ ಸಾಮಾನಿನ ಜೊತೆ ಅದೂ ಬಂದಿತ್ತು. ಒಂದು ಮನೆಯಲ್ಲಿ ಅಷ್ಟು ವರ್ಷ ಸುಮ್ನೆ ಸುತ್ತಿಟ್ಟ ಕಾಗದ. ಅದನ್ನು ಯಾರೂ ಎಸೆಯಲಿಲ್ಲ, ಅದು ಪುಣ್ಯ. ಬೇಕಾದವರ ಕೈಗೆ ಬೇಕಾದಾಗ ಸಿಗಲಿಲ್ಲ, ಅದು ದುರದೃಷ್ಟ.

ಆ ಫೋನ್ ಮಾತುಕತೆಯಾದ ಮೇಲೆ ನನಗೆ ಹುಚ್ಚು ಹಿಡಿಯಿತು. ಒಂದು ಶನಿವಾರ ಸ್ಥಳೀಯ ಇತಿಹಾಸ ಸಂಘವೊಂದರ ಓದುವ ಕೋಣೆಗೆ ಹೋದೆ. ಬ್ಯಾಗು ಹೊರಗೆ, ಪೆನ್ನು ಹೊರಗೆ, ಕಾಫಿಯಂತೂ ದೂರವೇ. ಪೆನ್ಸಿಲ್ ಮಾತ್ರ ಒಳಗೆ. ಬಿಳಿ ಕೂದಲಿನ ಒಬ್ಬ ಅಜ್ಜಿ, ವಾಲಂಟಿಯರ್, ಬೂದು ಡಬ್ಬದಿಂದ ಒಂದು ಸಂಬಳದ ಪುಸ್ತಕ ತೆಗೆದು ಮೆತ್ತಗಿನ ದಿಂಬಿನ ಮೇಲೆ ಇಟ್ಟರು. ನಮ್ಮೂರ ಶಾನುಭೋಗರ ಲೆಕ್ಕದ ಪುಸ್ತಕದಷ್ಟೇ ಉದ್ದ. ಒಳಗೆ ಸಾಲುಸಾಲಾಗಿ ಹೆಸರು, ಎಷ್ಟು ಗಾಡಿ ಕಲ್ಲಿದ್ದಲು, ಎಷ್ಟು ಡಾಲರ್. ಆಮೇಲೆ ಕಡಿತ: ಸಿಡಿಮದ್ದು, ದೀಪದ ಎಣ್ಣೆ, ಉಳಿ ಹರಿತ ಮಾಡಿಸಿದ್ದು, ಬಾಡಿಗೆ. ಇಲ್ಲಿ ಬಂಡೆ ಸಿಡಿಸುವ ಮದ್ದನ್ನು ಗಣಿಗಾರನೇ ಕಂಪನಿಯಿಂದ ಕೊಳ್ಳಬೇಕಿತ್ತು. 25 ಪೌಂಡಿನ ಪೀಪಾಯಿಗೆ 2.75 ಡಾಲರ್. 1900ರ ಮುಷ್ಕರದ ಮೇಲೆ ಅದು 1.50ಕ್ಕೆ ಇಳಿಯಿತು. ಕೊನೆಯ ಕಾಲಮ್ಮಿನಲ್ಲಿ ಕೈಗೆ ಬಂದದ್ದು. ಕೆಲವು ಸಾಲಿನಲ್ಲಿ ಅದು ಎಷ್ಟು ಸಣ್ಣ ಅಂದರೆ ನಾನು ಬೆರಳಿಟ್ಟು ಸಾಲು ಸರಿಯಾಗಿದೆಯಾ ಅಂತ ನೋಡಿದೆ. ಅಜ್ಜಿ ಗದರಿದರು, ಬೆರಳಿಡಬೇಡಿ ಅಂತ.

ಹೆಸರುಗಳನ್ನು ನೋಡಬೇಕು ನೀವು. ಪೋಲೆಂಡ್, ಸ್ಲೊವಾಕಿಯಾ, ಲಿಥುವೇನಿಯಾ ಕಡೆಯ ಉದ್ದುದ್ದ ಹೆಸರು. ಗುಮಾಸ್ತ ತನಗೆ ಕೇಳಿಸಿದ ಹಾಗೆ ಬರೆದಿದ್ದಾನೆ. ಒಬ್ಬನದೇ ಹೆಸರು ಮೂರು ತಿಂಗಳಲ್ಲಿ ಮೂರು ಥರ. ನಾಲ್ಕನೇ ತಿಂಗಳಿಗೆ ಬೇಸತ್ತು ಬರೀ 'ಜಾನ್' ಮಾಡಿದ್ದಾನೆ. ಸ್ಟಾರ್‌ಬಕ್ಸಿನಲ್ಲಿ 'ವೆಂಕಿ' ಅಂತ ಹೆಸರು ಕೊಡುವ ನಮ್ಮ ವೆಂಕಟರಮಣಯ್ಯನವರಿಗೆ ಇದು ಅರ್ಥವಾಗುತ್ತದೆ ಅಲ್ವಾ?

ಗಣಿಯ ಕಾಗದ ಇರುವ ಕಡೆಯೆಲ್ಲ ರೈಲಿನ ಕಾಗದವೂ ಇರುತ್ತದೆ. ಮೊದಲು ನನಗೆ ಅದು ಯಾಕೆ ಅಂತ ಗೊತ್ತಾಗಿರಲಿಲ್ಲ. ಇಲ್ಲಿ ರೈಲು ಕಂಪನಿಗಳೇ ಗಣಿಗಳ ಧಣಿಗಳೂ ಆಗಿದ್ದವು. ಲ್ಯಾಕವಾನಾ, ರೆಡಿಂಗ್, ಲೀಹೈ ವ್ಯಾಲಿ, ಎಲ್ಲ ಅದೇ ಕತೆ. ಲ್ಯಾಕವಾನಾ ಕಂಪನಿ ಫೀಬಿ ಸ್ನೋ ಅನ್ನುವ ಬಿಳಿ ಗೌನಿನ ಹುಡುಗಿಯ ಜಾಹೀರಾತು ಮಾಡಿತ್ತು. ನಮ್ಮ ಎಂಜಿನ್ನಿನಲ್ಲಿ ಉರಿಯುವುದು ಆಂಥ್ರಾಸೈಟ್ ಅನ್ನುವ ಗಟ್ಟಿ ಕಲ್ಲಿದ್ದಲು, ಮಸಿ ಇಲ್ಲ, ಬಟ್ಟೆ ಕೊಳೆಯಾಗುವುದಿಲ್ಲ ಅಂತ. ಆ ಕಲ್ಲಿದ್ದಲನ್ನು ಅಗೆದವನ ಹೆಂಡತಿ ಅವನ ಬಟ್ಟೆ ಒಗೆಯುತ್ತಾ ಈ ಜಾಹೀರಾತು ನೋಡಿದ್ದರೆ ಏನೆನ್ನುತ್ತಿದ್ದಳೋ.

ಕಂಪನಿಗಳು ಮುಳುಗಿದಾಗ ಅವುಗಳ ಕಾಗದಕ್ಕೂ ಅಣ್ಣತಮ್ಮಂದಿರ ಪಾಲಿನ ಗತಿಯೇ ಆಯಿತು. ಪೆನ್ಸಿಲ್ವೇನಿಯಾ ರೈಲ್‌ರೋಡ್ 1968ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಜೊತೆ ಸೇರಿ ಪೆನ್ ಸೆಂಟ್ರಲ್ ಆಯಿತು. 1970ರಲ್ಲಿ ದಿವಾಳಿ. ಅದರ ದಾಖಲೆಗಳು ಡೆಲಾವೇರಿನ ಹ್ಯಾಗ್ಲಿ ಮ್ಯೂಸಿಯಂ, ಹ್ಯಾರಿಸ್‌ಬರ್ಗಿನ ರಾಜ್ಯ ಪತ್ರಾಗಾರ, ಹೀಗೆ ಹಲವು ಮನೆ ಸೇರಿದವು. ಗಣಿ ಕಾರ್ಮಿಕರ ಯೂನಿಯನ್ನಿನ ದಾಖಲೆ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದೆ. ನಮ್ಮ ಎಷ್ಟು ಮಕ್ಕಳು ಅಲ್ಲಿ ಓದುತ್ತಿದ್ದಾರೆ! ಫುಟ್‌ಬಾಲ್ ಆಟಕ್ಕೆ ಹೋದಾಗ ಒಂದು ಗಂಟೆ ಲೈಬ್ರರಿಗೂ ಹೋಗಿ ಬನ್ನಿ.

ಮನೆಯಲ್ಲೇ ಕೂತು ನೋಡುವುದಾದರೆ ಲೂಯಿಸ್ ಹೈನ್ ತೆಗೆದ ಫೋಟೋಗಳನ್ನು ನೋಡಿ. ಅವರು ಬಾಲ ಕಾರ್ಮಿಕರ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ಸಮಿತಿಗಾಗಿ ಊರೂರು ಸುತ್ತಿದವರು. ಆ ಸಮಿತಿಯ 5,000ಕ್ಕೂ ಹೆಚ್ಚು ಫೋಟೋಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಆನ್‌ಲೈನ್‌ನಲ್ಲಿ ಪುಕ್ಕಟೆ. 1911ರ ಜನವರಿಯಲ್ಲಿ ಹೈನ್ ಪಿಟ್ಸ್‌ಟನ್ನಿನ ಬ್ರೇಕರಿಗೆ ಹೋಗಿದ್ದರು. ಬ್ರೇಕರ್ ಅಂದರೆ ಕಲ್ಲಿದ್ದಲು ಒಡೆದು ಜರಡಿ ಹಿಡಿಯುವ ಕಟ್ಟಡ. ಜಾರುಬಂಡೆಯಂಥ ಕಾಲುವೆಗಳಲ್ಲಿ ಕಲ್ಲಿದ್ದಲು ಇಳಿದು ಬರುತ್ತದೆ. ಅದರ ಮೇಲೆ ಹಲಗೆ ಹಾಕಿ ಹುಡುಗರು ಸಾಲಾಗಿ ಬಾಗಿ ಕೂತಿದ್ದಾರೆ. ಅಮ್ಮ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳಲ್ಲ, ಅದೇ ಕೆಲಸ. ದಿನವಿಡೀ, ಕೈಗವಸಿಲ್ಲದೆ, ಧೂಳಿನಲ್ಲಿ. ಕಾನೂನಿನ ವಯಸ್ಸು ಬೇರೆ, ಮುಖದ ವಯಸ್ಸು ಬೇರೆ. ಅಪ್ಪ ಅಮ್ಮಂದಿರೇ ವಯಸ್ಸು ಹೆಚ್ಚು ಮಾಡಿ ಬರೆಸುತ್ತಿದ್ದರು. ನಮ್ಮಲ್ಲಿ ಸ್ಕೂಲಿಗೆ ಬೇಗ ಸೇರಿಸಲು ಮೇಷ್ಟ್ರು ಹುಟ್ಟಿದ ತಾರೀಖು ಬದಲಾಯಿಸುತ್ತಿದ್ದ ಹಾಗೆ. ನಮ್ಮದು ಶಾಲೆಗೆ, ಅವರದು ಬ್ರೇಕರಿಗೆ.

ಆ ಫೋಟೋಗಳಲ್ಲಿ ಹೆಚ್ಚಿನ ಹುಡುಗರಿಗೆ ಹೆಸರಿಲ್ಲ.

ಇನ್ನೊಂದು ಸಂಗತಿ, ಇದು ಸಂಪಾದಕನ ಸ್ವಾರ್ಥಕ್ಕೆ ಸಿಕ್ಕಿದ್ದು. ಶೆನಾಂಡೋವಾ ಅನ್ನುವ ಗಣಿ ಊರಿದೆ. 1886ರಲ್ಲಿ ಅಲ್ಲಿಂದ 'ಅಮೆರಿಕಾ' ಅನ್ನುವ ಪತ್ರಿಕೆ ಶುರುವಾಯಿತು, ಈ ದೇಶದ ಮೊದಲ ಉಕ್ರೇನಿಯನ್ ಪತ್ರಿಕೆ. ನಡೆಸಿದವರು ಆ ಊರಿನ ಚರ್ಚಿನ ಪಾದ್ರಿ. ಓದುಗರು ಗಣಿಯಿಂದ ಕಪ್ಪಗಾಗಿ ಬಂದವರು. ಚಂದಾ ಬಂತಾ ಇಲ್ಲವಾ, ಲೇಖನ ಸಮಯಕ್ಕೆ ಬಂತಾ ಇಲ್ಲವಾ, ಅವರಿಗೂ ಈ ತಲೆನೋವು ಇದ್ದಿರಲೇಬೇಕು.

ನಮ್ಮ ಕೂಟದಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಬೆಳೆದ ಗೆಳೆಯರೊಬ್ಬರಿದ್ದಾರೆ. ಸ್ಕ್ರ್ಯಾಂಟನ್ನಿನ ಮೆಕ್‌ಡೇಡ್ ಪಾರ್ಕಿನಲ್ಲಿ ಹಳೆಯ ಗಣಿಯೊಳಗೆ 300 ಅಡಿ ಇಳಿಸಿ ತೋರಿಸುತ್ತಾರೆ. ನಾವು ಜೊತೆಯಲ್ಲಿ ಹೋಗಿದ್ದೆವು. ನನಗೆ ಆಗಲೇ ಎದೆ ಡವಡವ. ಅವರು ನಕ್ಕರು. "ಇದೇನ್ರೀ, ನಮ್ಮಪ್ಪ ಎರಡು ಮೈಲಿ ಇಳೀತಿದ್ರು." ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳ. ಒಳಗೆ ಬಂಡೆ ಸಿಡಿದಾಗ ಮೇಲೆ ಮನೆಯ ಪಾತ್ರೆ ಅಲುಗಾಡುತ್ತಿತ್ತಂತೆ, ಅಮ್ಮ ಸುಮ್ಮನೆ ದೇವರ ಕಡೆ ನೋಡುತ್ತಿದ್ದರಂತೆ. 2001ರಲ್ಲಿ ಗಣಿ ಮುಚ್ಚಿತು. ಮಾರಿಕುಪ್ಪಂನಿಂದ ಈಗ ಜನ ಬೆಳಗಾಗುವ ಮುಂಚೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಅಪ್ಪನ ಕೆಲಸದ ಕಾಗದ ಏನಾದರೂ ಇದೆಯಾ ಅಂತ ಕೇಳಿದೆ. "ಒಂದು ಟ್ರಂಕ್ ಇತ್ತು. ಮನೆ ಖಾಲಿ ಮಾಡುವಾಗ ತೂಕಕ್ಕೆ ಹಾಕಿದ್ವಿ" ಅಂದರು. ಮೇಲೆ ಬರುವವರೆಗೆ ಮತ್ತೆ ಮಾತಾಡಲಿಲ್ಲ.

ಅವರನ್ನು ಅನ್ನುವುದಕ್ಕೆ ನಮಗೇನು ಹಕ್ಕಿದೆ? ನಮ್ಮ ಕೂಟದ ಮೊದಲ ಹತ್ತು ವರ್ಷದ ಸುದ್ದಿಪತ್ರಗಳು ಒಬ್ಬ ಹಿರಿಯರ ಬೇಸ್‌ಮೆಂಟಿನಲ್ಲಿದ್ದವು. ಕನ್ನಡ ಟೈಪ್ ಸಿಗದ ಕಾಲ. ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿ, ನೆಕ್ಕಿ ಸ್ಟ್ಯಾಂಪ್ ಅಂಟಿಸಿ ಕಳಿಸಿದ್ದು. ನೀರು ಹೊರಹಾಕುವ ಸಂಪ್ ಪಂಪ್ ಕೆಟ್ಟ ಒಂದು ರಾತ್ರಿ ಎಲ್ಲ ಹಿಟ್ಟಿನ ಮುದ್ದೆಯಾಯಿತು. ಸ್ಕ್ಯಾನ್ ಮಾಡಿಡೋಣ ಅಂತ ನಾನೇ ಎರಡು ವರ್ಷದಿಂದ ಹೇಳುತ್ತಿದ್ದೆ. ಹೇಳುತ್ತಾ ಇದ್ದೆ, ಅಷ್ಟೇ.

ದೀಪಾವಳಿಗೆ ಎಲ್ಲರ ಮನೆಯಲ್ಲೂ ಕ್ಲೀನಿಂಗ್ ನಡೆಯುತ್ತಿದೆ. ಹಳೆಯ ಕಾಗದದ ಡಬ್ಬ ಕಂಡರೆ ಎಸೆಯಬೇಡಿ. ಹಬ್ಬದ ಪಾಟ್‌ಲಕ್ಕಿಗೆ ಬರುವಾಗ ಹುಳಿಯನ್ನದ ಪಾತ್ರೆಯ ಜೊತೆ ಅದನ್ನೂ ತನ್ನಿ (ಕಾರಿನಲ್ಲಿ ದಯವಿಟ್ಟು ಬೇರೆ ಬೇರೆ ಇಡಿ). ನಾಟಕದ ಪಾತ್ರ ಹಂಚಿದ ಚೀಟಿ, ಖರ್ಚಿನ ಲೆಕ್ಕ, ರಾಜ್ಯೋತ್ಸವದ ಕರೆಪತ್ರ, ಕ್ಯಾಸೆಟ್, ಜಗಳದ ಪತ್ರಗಳೂ ಆಗಬಹುದು. ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತೇವೆ. ಬೇಡ ಅಂದರೆ ನಾವೇ ಇಟ್ಟುಕೊಳ್ಳುತ್ತೇವೆ, ಈ ಸಲ ಬೇಸ್‌ಮೆಂಟಿನಲ್ಲಿ ಅಲ್ಲ, ಮಹಡಿಯ ಮೇಲೆ. ಫೋಟೋ ಇದ್ದರೆ ಯಾರು, ಯಾವ ವರ್ಷ ಅಂತ ಹಿಂದೆ ಪೆನ್ಸಿಲಿನಲ್ಲಿ ಮೆಲ್ಲಗೆ ಬರೆಯಿರಿ. ಬಾಲ್ ಪೆನ್ ಬೇಡ, ಒತ್ತು ಈ ಕಡೆ ಮೂಡುತ್ತದೆ.

ಬೇಸ್‌ಮೆಂಟಿನಲ್ಲಿ ನೆನೆದ ಆ ಸುದ್ದಿಪತ್ರಗಳ ಡಬ್ಬದಲ್ಲಿ ಒಣಗಿ ಉಳಿದದ್ದು ಒಂದೇ ಫೋಟೋ. ಯಾವುದೋ ಚರ್ಚಿನ ಹಾಲ್, ಯುಗಾದಿ ಇರಬೇಕು, ಬಾಗಿಲಿಗೆ ಮಾವಿನೆಲೆಯ ಬದಲು ಬೇರೇನೋ ಎಲೆ ಕಟ್ಟಿದ್ದಾರೆ. ಮುಂದೆ ಕೂತವರನ್ನೆಲ್ಲ ಗುರುತು ಹಿಡಿದಿದ್ದೇವೆ. ಹಿಂದೆ ಕೋಟು ಹಾಕಿಕೊಂಡು, ಸೌಟು ಹಿಡಿದು ನಗುತ್ತಿರುವ ದಪ್ಪ ಮೀಸೆಯವರು ಯಾರು ಅಂತ ಗೊತ್ತಾಗಿಲ್ಲ. ಈ ಸಂಚಿಕೆಯ ಕೊನೆಯ ಪುಟದಲ್ಲಿ ಹಾಕಿದ್ದೇವೆ. ಗೊತ್ತಿದ್ದವರು ಫೋನ್ ಮಾಡಿ.

ನಿಮ್ಮ ಸಂಪಾದಕ