ಬಿಸಿಲು-ಮಳೆ ಎಂಬ ಅರ್ಧ ಉತ್ತರ

ಚಿ. ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪ್ರಬಂಧದ ಕರಡು ಓದಿದೆ. ಉಷ್ಣವಲಯದಲ್ಲಿ ಜೀವಪ್ರಭೇದಗಳು ಹೆಚ್ಚಿರುವುದು ಬಿಸಿಲು, ಮಳೆ ಹೆಚ್ಚಿರುವುದರಿಂದ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಬಿಸಿಲು-ಮಳೆಯಿಂದ ಸೊಪ್ಪುಸದೆ ಹೆಚ್ಚುತ್ತದೆ, ಒಪ್ಪೋಣ. ಆದರೆ ನಾಲ್ಕೈದು ಗಟ್ಟಿ ಜಾತಿಗಳೇ ಅದನ್ನೆಲ್ಲ ನುಂಗಿಕೊಳ್ಳಲಿಲ್ಲ ಏಕೆ? ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಂದು ಹುಲ್ಲುಗಾವಲಿಗೆ 1856ರಿಂದ ಪಟ್ಟಿಪಟ್ಟಿಯಾಗಿ ಬೇರೆ ಬೇರೆ ಗೊಬ್ಬರ ಹಾಕುತ್ತಿದ್ದಾರೆ. ಗೊಬ್ಬರ ಕಾಣದ ಪಟ್ಟಿಯಲ್ಲಿ ಸುಮಾರು ನಲವತ್ತು ಜಾತಿಯ ಗಿಡಗಳಿವೆ. ಅಮೋನಿಯಂ ಸಲ್ಫೇಟ್ ಬಿದ್ದು ಮಣ್ಣು ಹುಳಿಯಾದಲ್ಲಿ ಬೆರಳೆಣಿಕೆಯಷ್ಟು. ಹುಳಿ ಮುರಿಯಲು ಸುಣ್ಣ ಹಾಕಿದರೂ ಗೊಬ್ಬರದ ಪಟ್ಟಿಗಳಲ್ಲಿ ಜಾತಿ ಕಡಿಮೆಯೇ. ಅಂದರೆ ಪೋಷಣೆ ಹೆಚ್ಚಿದ ಮಾತ್ರಕ್ಕೆ ಜಾತಿಯೂ ಹೆಚ್ಚುತ್ತದೆ ಎನ್ನಲಾಗದು.

ಮೊದಲು ಎಣಿಕೆ ಸರಿಮಾಡಿಕೊ. ಎರಡು ಕಾಡುಗಳನ್ನು ಹೋಲಿಸುವಾಗ ಎರಡರಲ್ಲೂ 1 ಹೆಕ್ಟೇರ್ ತೆಗೆದುಕೊಂಡು, ನೆಲದಿಂದ 1.3 ಮೀಟರ್ ಎತ್ತರದಲ್ಲಿ 10 ಸೆಂ.ಮೀ. ವ್ಯಾಸ ದಾಟಿದ ಮರಗಳನ್ನು ಮಾತ್ರ ಲೆಕ್ಕಕ್ಕೆ ತಗೋ. ಟೇಪು ತೋರಿಸುವುದು ಸುತ್ತಳತೆ, 10 ಸೆಂ.ಮೀ. ವ್ಯಾಸವೆಂದರೆ 31.4 ಸೆಂ.ಮೀ. ಸುತ್ತಳತೆ. ಇಲ್ಲಿ ಎಡವಿದರೆ ಎಳೆಗಿಡಗಳೆಲ್ಲ ಲೆಕ್ಕಕ್ಕೆ ನುಗ್ಗುತ್ತವೆ. ಬುಡದಲ್ಲಿ ಹಲಗೆಯಂಥ ಬೇರುಗಳಿದ್ದರೆ ಅವುಗಳಿಗಿಂತ ಮೇಲೆ ಅಳೆ. ಎರಡು ಕಡೆ ಮರಗಳ ಸಂಖ್ಯೆ ಬೇರೆಯಾದರೆ, ಎರಡರಿಂದಲೂ ಸಮ ಸಂಖ್ಯೆಯ ಮರಗಳನ್ನು, ಉದಾಹರಣೆಗೆ 400 ಅನ್ನು, ಮತ್ತೆ ಮತ್ತೆ ಚೀಟಿ ಎತ್ತಿದ ಹಾಗೆ ಆರಿಸಿ ಜಾತಿಗಳ ಸರಾಸರಿ ತೆಗೆ. ಉಷ್ಣವಲಯದ ಕಾಡಿನಲ್ಲಿ ಎಷ್ಟೋ ಜಾತಿಗೆ ಹೆಕ್ಟೇರಿಗೆ ಒಂದೋ ಎರಡೋ ಮರ. ಎಣಿಕೆ ಸಾಲದಾದಾಗ ಮೊದಲು ಕೈತಪ್ಪುವವು ಇವೇ.

ಆ ಒಂಟಿ ಮರಗಳಲ್ಲೇ ಒಂದು ದೊಡ್ಡ ಸುಳಿವಿದೆ. 1970ರ ಆಸುಪಾಸಿನಲ್ಲಿ ಜಾನ್ಜೆನ್ ಮತ್ತು ಕಾನೆಲ್ ಎಂಬ ಪರಿಸರ ವಿಜ್ಞಾನಿಗಳು ಬೇರೆ ಬೇರೆಯಾಗಿ ಹೇಳಿದ ಮಾತು: ತಾಯಿಮರದ ಕೆಳಗೆ ಬೀಜ ರಾಶಿ ಬೀಳುತ್ತದೆ, ಆದರೆ ಆ ಮರದ ಹುಳುಗಳೂ ಬೂಷ್ಟು ರೋಗಗಳೂ ಅಲ್ಲೇ ಠಿಕಾಣಿ ಹೂಡಿರುತ್ತವೆ. ಮೊಳಕೆಗಳು ಅಲ್ಲೇ ಸಾಯುತ್ತವೆ, ದೂರ ಬಿದ್ದ ಬೀಜ ಬದುಕುತ್ತದೆ, ತೆರವಾದ ಜಾಗಕ್ಕೆ ಬೇರೆ ಜಾತಿ ಬರುತ್ತದೆ. ಹಿಮ ಬೀಳುವ ಕಡೆ ಚಳಿಗಾಲ ಪ್ರತಿವರ್ಷ ಈ ಶತ್ರುಗಳ ಸಂಖ್ಯೆ ತಗ್ಗಿಸುತ್ತದೆ. ಆದರೆ ಇದನ್ನೂ ಪೂರ್ತಿ ನಂಬಬೇಡ: ಇದು ಜಾತಿಗಳು ಒಟ್ಟಿಗೆ ಉಳಿಯುವುದನ್ನು ವಿವರಿಸುತ್ತದೆಯೇ ಹೊರತು, ಹುಟ್ಟಿದ್ದನ್ನಲ್ಲ.

ಹುಟ್ಟಿಗೆ ಜಾನ್ಜೆನ್‌ನದೇ 1967ರ ಇನ್ನೊಂದು ತರ್ಕ ನೋಡು. ಉಷ್ಣವಲಯದ ಕಣಿವೆಯಲ್ಲಿ ವರ್ಷವಿಡೀ ಹವೆ ಹೆಚ್ಚುಕಡಿಮೆ ಒಂದೇ. ಅಲ್ಲಿನ ಜೀವಿಗೆ ಬೆಟ್ಟ ದಾಟುವ ಮೇಲಿನ ಕಣಿವೆದಾರಿಯ ಚಳಿ ಗೋಡೆಯಂತೆ. ಶೀತ ದೇಶದ ಜೀವಿ ತನ್ನ ಕಣಿವೆಯಲ್ಲೇ ಅಂಥ ಚಳಿ ಕಂಡಿರುತ್ತದೆ, ದಾಟಿಬಿಡುತ್ತದೆ. ದಾಟಲಾಗದೆ ಬೇರೆಬೇರೆಯಾಗಿ ಉಳಿದವೇ ಕಾಲಾಂತರದಲ್ಲಿ ಬೇರೆ ಪ್ರಭೇದಗಳಾಗುತ್ತವೆ.

ಅಳಿವಿನ ಲೆಕ್ಕ ನಿನ್ನ ಕರಡಿನಲ್ಲಿ ಇಲ್ಲವೇ ಇಲ್ಲ. ಮ್ಯಾಗ್ನೋಲಿಯ, ಟ್ಯುಲಿಪ್ ಮರಗಳು ಹಿಂದೆ ಯೂರೋಪಿನಲ್ಲೂ ಇದ್ದವು. ಹಿಮಯುಗಗಳಲ್ಲಿ ದಕ್ಷಿಣಕ್ಕೆ ಸರಿಯಲು ಆಲ್ಪ್ಸ್ ಮತ್ತು ಮೆಡಿಟರೇನಿಯನ್ ಅಡ್ಡ ಬಂದವು, ಅಲ್ಲಿ ಅಳಿದವು. ಪೂರ್ವ ಏಷ್ಯಾದಲ್ಲೂ ಉತ್ತರ ಅಮೆರಿಕದ ಪೂರ್ವಭಾಗದಲ್ಲೂ ಉಳಿದವು.

ಕೊನೆಗೆ, ಅಪವಾದಗಳಿಗೆ ಒಂದು ಪುಟ ಬಿಡು. ಸಸ್ಯಹೇನು, ಸೀಲ್, ಪೆಂಗ್ವಿನ್‌ಗಳ ಪ್ರಭೇದಗಳು ತಂಪು ಕಡೆಯೇ ಹೆಚ್ಚು. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ ಉಷ್ಣವಲಯದ ಹೊರಗಿದೆ, ಬಹುಪಾಲು ಮಣ್ಣು ಬಡ. ಆದರೂ ಸುಮಾರು 90,000 ಚದರ ಕಿ.ಮೀ.ಯಲ್ಲಿ 9,000ದಷ್ಟು ಸಸ್ಯಪ್ರಭೇದಗಳಿವೆ, ಮೂರರಲ್ಲಿ ಎರಡು ಪಾಲು ಬೇರೆಲ್ಲೂ ಇಲ್ಲ. ಅಲ್ಲಿ ಹಿಮಯುಗದ ಹೊಡೆತ ಹಗುರವಾಗಿತ್ತು ಎಂಬುದನ್ನು ಅಳಿವಿನ ಭಾಗಕ್ಕೇ ಸೇರಿಸು.

ಇಂತಿ,
ನಿನ್ನ ದೊಡ್ಡಪ್ಪ