ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೈಯ ಆರೈಕೆಯೂ ಸೇರಲಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್‌ಗೆ ಆಪರೇಶನ್, ಕಿಮೋ, ರೇಡಿಯೇಶನ್ ಮುಗಿಸಿ ಮನೆಗೆ ಬಂದ ಹೆಂಗಸನ್ನು ಊರವರು ‘ಈಗ ಹುಷಾರಾದಿರಲ್ಲ’ ಎಂದು ಮಾತಾಡಿಸುತ್ತಾರೆ. ಗಡ್ಡೆ ಎಷ್ಟು ದೊಡ್ಡದಿತ್ತು, ಎಷ್ಟು ಸೈಕಲ್ ಕಿಮೋ ಆಯಿತು, ಮುಂದಿನ ಸ್ಕ್ಯಾನ್ ಯಾವಾಗ ಎಂಬುದೆಲ್ಲ ಫೈಲಿನಲ್ಲಿ ಬರೆದಿರುತ್ತದೆ. ಆಪರೇಶನ್ ಆದ ಬದಿಯ ಕೈ ಎಲ್ಲಿಯವರೆಗೆ ಮೇಲೇಳುತ್ತದೆ, ಬಾವು ಬಂದಿದೆಯೇ, ಆ ಕೈಯಿಂದ ಯಾವ ಕೆಲಸ ಆಗುತ್ತಿಲ್ಲ ಎಂಬುದು ಮಾತ್ರ ಹೆಚ್ಚಿನ ಫೈಲುಗಳಲ್ಲಿ ಇರುವುದಿಲ್ಲ. ದಕ್ಷಿಣ ಕನ್ನಡ, ಉಡುಪಿ ಈ ನಮ್ಮ ಎರಡು ಜಿಲ್ಲೆಗಳಲ್ಲಿ ಬೀಡಿ ಕಟ್ಟುವವರು, ಮೀನು ಮಾರುವವರು, ಗೇರುಬೀಜದ ಕಾರ್ಖಾನೆಗೆ ಹೋಗುವವರು, ಶಂಕರಪುರದ ಸುತ್ತ ಮಲ್ಲಿಗೆ ಕಟ್ಟುವವರು ಬಹುಪಾಲು ಹೆಂಗಸರೇ. ಕೈ ಸೋತರೆ ಅವರ ಸಂಪಾದನೆ ಅಂದಿಗೇ ನಿಲ್ಲುತ್ತದೆ. ಹಾಗಾಗಿ ಕೈಯ ಆರೈಕೆಯನ್ನು ಚಿಕಿತ್ಸೆಯ ಜೊತೆಗೇ, ಮೊದಲ ದಿನದಿಂದಲೇ ಕೊಡಬೇಕೆಂದು ಕೇಳಲು ಈ ಪತ್ರ.

ಕೈಯ ಅಂಗಾಂಶಗಳಲ್ಲಿ ಉಳಿಯುವ ನೀರು ಮತ್ತು ಪ್ರೋಟೀನನ್ನು ದುಗ್ಧನಾಳಗಳು ಎಳೆದುಕೊಂಡು, ಕಂಕುಳಿನ ಗ್ರಂಥಿಗಳ ಮೂಲಕ ರಕ್ತಕ್ಕೆ ಮರಳಿಸುತ್ತವೆ. ಕ್ಯಾನ್ಸರ್ ಅಲ್ಲಿಗೆ ಹರಡಿದ್ದರೆ ಸರ್ಜನ್ ಆ ಗ್ರಂಥಿಗಳನ್ನು ತೆಗೆಯುತ್ತಾರೆ. ಕೆಲವರಿಗೆ ಅದೇ ಜಾಗಕ್ಕೆ ರೇಡಿಯೇಶನ್, ಜನ ‘ಕರೆಂಟ್ ಕೊಡುವುದು’ ಎನ್ನುವ ಚಿಕಿತ್ಸೆ, ಕೂಡ ಬೇಕಾಗುತ್ತದೆ. ಆಗ ನೀರು ಹೋಗುವ ದಾರಿ ಕಡಿಮೆಯಾಗಿ ಕೈಯಲ್ಲೇ ನಿಲ್ಲುತ್ತದೆ. ಇದಕ್ಕೆ ಲಿಂಫೆಡಿಮಾ ಎನ್ನುತ್ತಾರೆ. ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದು ಬರುತ್ತದೆ. ಮೊದಲ ಕೆಲವು ಗ್ರಂಥಿಗಳನ್ನಷ್ಟೇ ತೆಗೆದು ನೋಡುವ ಸೆಂಟಿನೆಲ್ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ. ಆದ್ದರಿಂದ ‘ನನಗೆ ಸೆಂಟಿನೆಲ್ ಸಾಕಾಗುತ್ತದೆಯೇ’ ಎಂದು ಆಪರೇಶನ್‌ಗೆ ಮೊದಲೇ ಸರ್ಜನ್ ಹತ್ತಿರ ಕೇಳಿ; ಕೇಳಲು ಸಂಕೋಚ ಬೇಡ. ಆನೆಕಾಲು ರೋಗವನ್ನು ಕಂಡ ಕರಾವಳಿಯಲ್ಲಿ ಊದಿದ ಕೈ ನೋಡಿ ಅಂಟುರೋಗವೆಂದು ದೂರ ಸರಿಯುವವರಿದ್ದಾರೆ. ಇದು ಯಾರಿಗೂ ಅಂಟುವುದಿಲ್ಲ.

ಬಾವು ಹೆಚ್ಚಾಗಿ ಮೊದಲ ಎರಡು ಮೂರು ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಹತ್ತು ವರ್ಷ ಕಳೆದ ಮೇಲೂ ಬರಬಹುದು. ಕಣ್ಣಿಗೆ ಕಾಣುವ ಮೊದಲೇ ಕೈ ಭಾರವೆನಿಸುತ್ತದೆ, ಬಳೆ ಬಿಗಿಯಾಗುತ್ತದೆ, ರವಿಕೆಯ ಒಂದು ತೋಳು ಮಾತ್ರ ಹಿಡಿಯುತ್ತದೆ. ಇದನ್ನು ಬೇಗ ಹಿಡಿಯಲು ದೊಡ್ಡ ಯಂತ್ರ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, ಮೊಣಕೈಯಿಂದ 10 ಸೆಂ.ಮೀ. ಮೇಲೆ, ಈ ಮೂರು ಜಾಗಗಳಲ್ಲಿ ಎರಡೂ ಕೈಗಳ ಸುತ್ತಳತೆ ತೆಗೆಯಬೇಕು. ಕೈಯನ್ನು ಮೇಜಿನ ಮೇಲೆ ಚಾಚಿ, ಟೇಪನ್ನು ಚರ್ಮಕ್ಕೆ ತಾಗುವಷ್ಟೇ ಇಟ್ಟು, ಎಳೆಯದೆ ಅಳೆಯಬೇಕು. ಪ್ರತಿ ಸಲ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಬ್ಬರೇ ಅಳೆದರೆ ಒಳ್ಳೆಯದು. ಮೊದಲ ಅಳತೆ ಆಪರೇಶನ್‌ಗೆ ಮೊದಲೇ ಆಗಬೇಕು. ಬಲಗೈ ಬಳಸುವವರ ಬಲಗೈ ಸಹಜವಾಗಿಯೇ ಸ್ವಲ್ಪ ದಪ್ಪ. ಹಿಂದಿನ ಅಳತೆ ಇಲ್ಲದಿದ್ದರೆ ಯಾವುದು ಬಾವು, ಯಾವುದು ಸಹಜ ಎಂದು ಹೇಳುವುದೇ ಕಷ್ಟವಾಗುತ್ತದೆ. ಆಮೇಲೆ ಮೂರು ತಿಂಗಳಿಗೊಮ್ಮೆ ಅಳೆದು ಬರೆದಿಡಬೇಕು. ಯಾವುದೇ ಜಾಗದಲ್ಲಿ 2 ಸೆಂ.ಮೀ. ಅಥವಾ ಹೆಚ್ಚು ವ್ಯತ್ಯಾಸ ಬಂದರೆ, ಅಷ್ಟಾಗದಿದ್ದರೂ ಭಾರ ಹೋಗದಿದ್ದರೆ, ಮುಂದಿನ ತಾರೀಕಿಗೆ ಕಾಯದೆ ತೋರಿಸಬೇಕು. ವರ್ಷಗಳ ನಂತರ ಏಕಾಏಕಿ ಊದಿದರೆ ರಕ್ತ ಹೆಪ್ಪುಗಟ್ಟಿದೆಯೇ, ಕ್ಯಾನ್ಸರ್ ಮರಳಿದೆಯೇ ಎಂದು ವೈದ್ಯರು ನೋಡಲೇಬೇಕು.

ಭುಜದ ವಿಷಯ ಇನ್ನೂ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿದೆ. ಹೊಲಿಗೆ ಬಿಟ್ಟೀತೆಂಬ ಹೆದರಿಕೆಯಿಂದ ಕೈಯನ್ನು ಮೈಗೆ ಒತ್ತಿ ಹಿಡಿದುಕೊಂಡೇ ಕೆಲವು ವಾರ ಕಳೆದರೆ ಭುಜ ಬಿಗಿದುಕೊಳ್ಳುತ್ತದೆ. ರೇಡಿಯೇಶನ್ ಟೇಬಲ್ ಮೇಲೆ ಕೈಯನ್ನು ತಲೆಯ ಮೇಲಕ್ಕೆ ಎತ್ತಿ ಅಲುಗಾಡದೆ ಮಲಗಬೇಕಾಗುತ್ತದೆ. ಕೈ ಏಳದಿದ್ದರೆ ಆ ಚಿಕಿತ್ಸೆಯೇ ಮುಂದೆ ಹೋಗುತ್ತದೆ. ಆಪರೇಶನ್ ಆದ ಮರುದಿನದಿಂದಲೇ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚಿ ಚಾಚುವುದು, ಭುಜವನ್ನು ನಿಧಾನವಾಗಿ ತಿರುಗಿಸುವುದು, ಅದೇ ಕೈಯಿಂದ ತಲೆ ಬಾಚಿಕೊಳ್ಳುವುದು ನಡೆಯಬೇಕು. ಗಾಯದ ದ್ರವ ಹೊರಹೋಗಲು ಇಟ್ಟ ಡ್ರೈನ್ ಟ್ಯೂಬು ಇರುವವರೆಗೆ ಮೊಣಕೈ ಭುಜದ ಮಟ್ಟಕ್ಕಿಂತ ಮೇಲೆ ಬೇಡ. 24 ಗಂಟೆಗೆ ಬರುವ ದ್ರವ ಸಾಮಾನ್ಯವಾಗಿ 30 ಮಿ.ಲೀ.ಗಿಂತ ಕೆಳಗಿಳಿದ ಮೇಲೆ ಟ್ಯೂಬು ತೆಗೆಯುತ್ತಾರೆ. ಆಮೇಲೆ ಗೋಡೆಗೆ ಮುಖಮಾಡಿ ನಿಂತು, ಬೆರಳುಗಳನ್ನು ಒಂದೊಂದೇ ಹೆಜ್ಜೆ ಮೇಲಕ್ಕೆ ನಡೆಸಿ, ಎಳೆತ ಸಿಕ್ಕಿದಲ್ಲಿ ಐದು ಸೆಕೆಂಡು ನಿಲ್ಲಿಸಿ ಇಳಿಸಬೇಕು. ಹೀಗೆ ಐದರಿಂದ ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ತಲುಪಿದ ಜಾಗಕ್ಕೆ ಪೆನ್ಸಿಲ್ ಗೆರೆ ಹಾಕಿದರೆ ಏರಿಕೆ ತಾನೇ ಕಾಣುತ್ತದೆ. ಎಳೆತ ಇರಬಹುದು, ಚುಚ್ಚುವ ನೋವು ಬರಬಾರದು. ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿ ಹಗ್ಗದಂತೆ ಬಿಗಿದರೆ ಗಾಬರಿಯಾಗಿ ವ್ಯಾಯಾಮ ನಿಲ್ಲಿಸುವವರು ಹೆಚ್ಚು. ನಿಲ್ಲಿಸಬಾರದು, ಫಿಸಿಯೋಥೆರಪಿಸ್ಟ್ ಬಳಿ ಮೃದುವಾಗಿ ಎಳೆಸಿಕೊಂಡರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸಡಿಲವಾಗುತ್ತದೆ. ಸ್ತನದ ಮರುರಚನೆ ಮಾಡಿಸಿಕೊಂಡವರಿಗೆ ಮಾತ್ರ ಈ ಕ್ರಮ ಬೇರೆ, ಸರ್ಜನ್ ಹೇಳಿದಂತೆ ನಡೆಯಬೇಕು.

ಬಾವು ಬಂದಾಗ ಮನೆಯಲ್ಲಿ ಮಾಡುವ ತಪ್ಪುಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು, ಹಂಡೆಯ ಸುಡುನೀರು ಹೊಯ್ಯುವುದು, ಬಿಸಿ ಶಾಖ ಕೊಡುವುದು ಬೇಡ. ಬಿಸಿಗೆ ರಕ್ತದ ಹರಿವು ಹೆಚ್ಚಿ, ಹೊರಹೋಗಲು ದಾರಿಯಿಲ್ಲದ ನೀರು ಇನ್ನಷ್ಟು ತುಂಬುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯಿಂದಲೂ ಪ್ರಯೋಜನವಿಲ್ಲ. ಅದು ನೀರನ್ನು ಮಾತ್ರ ಹೊರಹಾಕುತ್ತದೆ, ಕೈಯಲ್ಲಿ ಉಳಿದ ಪ್ರೋಟೀನು ಮತ್ತೆ ನೀರನ್ನು ಎಳೆಯುತ್ತದೆ. ಮೆಡಿಕಲ್ ಅಂಗಡಿಯ ಕ್ರೇಪ್ ಬ್ಯಾಂಡೇಜನ್ನು ತೋಳಿನ ಮೇಲ್ಭಾಗಕ್ಕಷ್ಟೇ ಬಿಗಿದರೆ ಅಂಗೈ, ಬೆರಳು ಊದಿಕೊಳ್ಳುತ್ತವೆ. ಸರಿಯಾದ ಬ್ಯಾಂಡೇಜ್ ಕಡಿಮೆ ಹಿಗ್ಗುವ ಬಟ್ಟೆಯದ್ದು. ಬೆರಳುಗಳಿಂದ ಸುತ್ತಿಕೊಂಡು ಬಂದು, ಒಳಗೆ ಹತ್ತಿಯ ಮೆತ್ತೆ ಇಟ್ಟು, ಒತ್ತಡ ಅಂಗೈಯಲ್ಲಿ ಹೆಚ್ಚು, ಭುಜದ ಕಡೆಗೆ ಕಡಿಮೆ ಇರುವಂತೆ ಪದರ ಪದರವಾಗಿ ಕಟ್ಟುತ್ತಾರೆ. ಇದರೊಂದಿಗೆ ದುಗ್ಧರಸವನ್ನು ಸಾಗಿಸುವ ಹಗುರ ಕೈಮಸಾಜ್, ವ್ಯಾಯಾಮ, ಚರ್ಮದ ಆರೈಕೆ ಸೇರಿ ಎರಡರಿಂದ ನಾಲ್ಕು ವಾರ ನಡೆಯುತ್ತದೆ. ಬಾವು ಇಳಿದ ಮೇಲೆ ಅಳತೆ ಕೊಟ್ಟು ಒತ್ತಡದ ತೋಳುಚೀಲ, ಅಂದರೆ ತೋಳಿಗೆ ಬಿಗಿಯಾಗಿ ತೊಡುವ ಹಿಗ್ಗುವ ಬಟ್ಟೆಯ ಕವಚ, ತೆಗೆದುಕೊಳ್ಳಬೇಕು. ಊದಿದ್ದಾಗಲೇ ಅಳತೆ ಕೊಟ್ಟರೆ ಚೀಲ ಸಡಿಲವಾಗಿ ಕೆಲಸಕ್ಕೆ ಬಾರದು. ಸಾಮಾನ್ಯವಾಗಿ 20–30 ಮಿ.ಮೀ. ಪಾದರಸದ ಒತ್ತಡದ ಚೀಲ ಬರೆಯುತ್ತಾರೆ. ಅಂಗೈಯಲ್ಲೂ ಬಾವಿದ್ದರೆ ಗ್ಲೌಸ್ ಕೂಡ ಬೇಕು.

ಆ ಚೀಲ ಎರಡು ಇರಬೇಕು, ಒಂದು ತೊಡಲು, ಒಂದು ಒಗೆಯಲು. ನಮ್ಮ ಮಳೆಗಾಲದಲ್ಲಿ ಒಂದೇ ಚೀಲ ರಾತ್ರಿ ಬೆಳಗಾಗುವುದರೊಳಗೆ ಒಣಗುವುದಿಲ್ಲ. ಹಸಿಯಾಗಿ ತೊಟ್ಟರೆ ಬೆರಳ ಸಂದಿಯಲ್ಲಿ, ಮೊಣಕೈ ಮಡಿಕೆಯಲ್ಲಿ ಹುಳುಕಡ್ಡಿ ಏಳುತ್ತದೆ. ಒಲೆಯ ಮೇಲೆ ಒಣಗಿಸಿದರೆ, ಹಿಂಡಿದರೆ ಅದರ ಎಳೆತ ಹೋಗುತ್ತದೆ. ಟವೆಲಿನಲ್ಲಿ ಸುತ್ತಿ ನೀರು ತೆಗೆದು, ನೆರಳಲ್ಲಿ ಫ್ಯಾನಿನಡಿ ಹರಡಬೇಕು. ದಿನವೂ ತೊಟ್ಟರೆ ಸುಮಾರು ಆರು ತಿಂಗಳಿಗೆ ಬದಲಿಸಬೇಕಾಗುತ್ತದೆ. ಈ ಖರ್ಚು ಒಮ್ಮೆಗೆ ಮುಗಿಯುವಂಥದ್ದಲ್ಲ.

ಚರ್ಮದ ಮೇಲಿನ ಸಣ್ಣ ಗಾಯವೂ ಈ ಕೈಗೆ ದೊಡ್ಡದು. ಬಂಗುಡೆ, ಸಿಗಡಿ ಶುಚಿಮಾಡುವಾಗ ಚುಚ್ಚುವ ಮುಳ್ಳು, ಮೆಟ್ಟುಕತ್ತಿ, ಹೆರೆಮಣೆ, ಗೇರುಬೀಜದ ಸೊನೆ, ಇವೆಲ್ಲ ಸೋಂಕಿಗೆ ಬಾಗಿಲು. ಮೀನು ಮುಟ್ಟುವಾಗ ದಪ್ಪ ರಬ್ಬರ್ ಗ್ಲೌಸ್ ಹಾಕಬೇಕು. ಗಾಯವಾದರೆ ಕೂಡಲೇ ಸೋಪುನೀರಿನಲ್ಲಿ ತೊಳೆದು ನಂಜುನಿರೋಧಕ ಹಚ್ಚಬೇಕು. ಕೈ ಕೆಂಪಾಗಿ, ಬಿಸಿಯಾಗಿ, ನೋವು ಏರಿ, ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ ಆ್ಯಂಟಿಬಯಾಟಿಕ್ ಶುರುಮಾಡಬೇಕು. ಪ್ರತಿ ಸೋಂಕೂ ಉಳಿದ ದುಗ್ಧನಾಳಗಳನ್ನು ಹಾಳುಮಾಡಿ ಬಾವನ್ನು ಹೆಚ್ಚಿಸುತ್ತದೆ. ಇಂಜೆಕ್ಷನ್‌ಗೆ, ಬಿ.ಪಿ. ನೋಡಲು ಆದಷ್ಟು ಇನ್ನೊಂದು ಕೈ ಕೊಡಿ. ತುರ್ತು ಸಂದರ್ಭದಲ್ಲಿ ಈ ಕೈ ಬಳಸಿದರೆಂದು ಹೆದರಬೇಕಾಗಿಲ್ಲ.

‘ಆ ಕೈಯಲ್ಲಿ ಇನ್ನು ಏನೂ ಎತ್ತಬೇಡ’ ಎಂಬ ಬುದ್ಧಿಮಾತು ಇನ್ನೂ ಎಲ್ಲೆಡೆ ಕೇಳಿಬರುತ್ತದೆ. ಅದು ಹಳೆಯದಾಯಿತು. ಕೈಬಾವು ಇದ್ದ 141 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆರಡು ಸಲ ತರಬೇತಿಯೊಂದಿಗೆ, ತೋಳುಚೀಲ ತೊಟ್ಟು, ಭಾರವನ್ನು ನಿಧಾನವಾಗಿ ಏರಿಸಿದವರಲ್ಲಿ ಬಾವು ಹೆಚ್ಚಲಿಲ್ಲ. ಅದು ಉಲ್ಬಣಿಸುವ ಪ್ರಸಂಗಗಳು ಕಡಿಮೆಯಾದವು. ಕೆಲಸ ಬಿಡಿಸುವ ಬದಲು ಕೆಲಸಕ್ಕೆ ಕೈಯನ್ನು ಸಿದ್ಧಮಾಡುವುದೇ ಸರಿ. ಅರ್ಧ ಲೀಟರ್ ನೀರಿನ ಬಾಟಲಿಯಿಂದ ಶುರುಮಾಡಿ ವಾರಗಳಲ್ಲಿ ಏರಿಸಬಹುದು. ತಿಂಗಳುಗಟ್ಟಲೆ ಸುಮ್ಮನಿದ್ದ ಕೈಯಿಂದ ಒಮ್ಮೆಲೇ ಬಾವಿಯಿಂದ ತುಂಬಿದ ಕೊಡಪಾನ ಎಳೆದರೆ ಮಾತ್ರ ತೊಂದರೆ. ಬೀಡಿ, ಮಲ್ಲಿಗೆ ಕಟ್ಟುವವರು ಬಾಗಿ ಕೂತಲ್ಲೇ ಕೂರದೆ ಅರ್ಧ ಗಂಟೆಗೊಮ್ಮೆ ಎದ್ದು, ಕೈ ಮೇಲೆತ್ತಿ ಹತ್ತು ಸಲ ಮುಷ್ಟಿ ಬಿಗಿದು ಬಿಡಬೇಕು.

ಪ್ಯಾಕ್ಲಿಟಾಕ್ಸೆಲ್ ಎಂಬ ಕಿಮೋ ಔಷಧ ಪಡೆದವರ ಬೆರಳ ತುದಿ ಜೋಮು ಹಿಡಿದು ಬೀಡಿಯ ಮೂತಿ ಮಡಚಲು, ಬಾಳೆನಾರು ಗಂಟು ಹಾಕಲು ಆಗದಿರಬಹುದು. ಹಾರ್ಮೋನ್ ಚಿಕಿತ್ಸೆಗೆ ಕೊಡುವ ಲೆಟ್ರೋಜೋಲ್‌ನಂಥ ಮಾತ್ರೆಗಳಿಂದ ಗಂಟುನೋವು ಬರಬಹುದು. ಇವನ್ನೂ ವೈದ್ಯರಿಗೆ ಹೇಳಬೇಕು. ಕಿಮೋ ನಡೆಯುತ್ತಿರುವಾಗಲೇ ಹೇಳಿದರೆ ಡೋಸ್ ಹೊಂದಿಸಬಹುದು, ಮಾತ್ರೆಯನ್ನೂ ಬದಲಿಸಬಹುದು. ತಾನಾಗಿ ಮಾತ್ರೆ ನಿಲ್ಲಿಸುವುದು ಅಪಾಯ.

ಹೇಳಬೇಕಾದರೆ ಯಾರಾದರೂ ಕೇಳಬೇಕಲ್ಲ. ಸ್ತನ ಕ್ಯಾನ್ಸರ್ ರೋಗಿಗಳ ಜೀವನದ ಗುಣಮಟ್ಟ ಅಳೆಯಲು ಜಗತ್ತಿನಾದ್ಯಂತ ಬಳಸುವ ಬಿ.ಆರ್.23 ಪ್ರಶ್ನಾವಳಿಯಲ್ಲಿ ಕೈಗೆಂದೇ ಮೂರು ಪ್ರಶ್ನೆಗಳಿವೆ: ಕೈ ಅಥವಾ ಭುಜದಲ್ಲಿ ನೋವಿದೆಯೇ, ಕೈ ಊದಿದೆಯೇ, ಕೈ ಮೇಲಕ್ಕೆ ಅಥವಾ ಪಕ್ಕಕ್ಕೆ ಎತ್ತಲು ಕಷ್ಟವೇ. ‘ಇಲ್ಲವೇ ಇಲ್ಲ’ ಎಂಬಲ್ಲಿಂದ ‘ತುಂಬಾ’ ಎಂಬವರೆಗೆ ನಾಲ್ಕು ಹಂತದ ಉತ್ತರ. ಕೇಳಲು ಎರಡು ನಿಮಿಷ ಸಾಕು. ಕನ್ನಡದಲ್ಲಿ ಅಚ್ಚುಹಾಕಿದ ಹಾಳೆ ಕೊಟ್ಟರೆ ಸಾಲದು. ತುಳು, ಕೊಂಕಣಿ, ಬ್ಯಾರಿ ಮಾತಾಡುವ ನರ್ಸ್ ಬಾಯಲ್ಲಿ ಕೇಳಬೇಕು, ಜೊತೆಗೆ ಬಂದ ಗಂಡನೋ ಮಗನೋ ಉತ್ತರಿಸಲು ಬಿಡಬಾರದು. ರೋಗಿಯ ಮಾತು ಕೇಳಿ ದಾಖಲಿಸುವುದು ಬರೀ ಸೌಜನ್ಯವೂ ಅಲ್ಲ: ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಹರಡಿದ್ದ 766 ರೋಗಿಗಳ ಅಧ್ಯಯನದಲ್ಲಿ, ತಮ್ಮ ತೊಂದರೆಗಳನ್ನು ನಿಯಮಿತವಾಗಿ ತಾವೇ ದಾಖಲಿಸಿದವರು ಸರಾಸರಿಯಲ್ಲಿ ಐದು ತಿಂಗಳಷ್ಟು ಹೆಚ್ಚು ಕಾಲ ಬದುಕಿದ್ದು 2017ರಲ್ಲಿ ವರದಿಯಾಯಿತು.

ಆರೋಗ್ಯ ಇಲಾಖೆಯವರಲ್ಲಿ ಮತ್ತು ಎರಡೂ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ನಮ್ಮ ಕೋರಿಕೆ ಇಷ್ಟು. ಆಪರೇಶನ್‌ಗೆ ಮೊದಲಿನ ಕೈಯ ಅಳತೆ, ಮನೆಗೆ ಹೋಗುವ ದಿನ ಕೈ ಎಷ್ಟು ಏಳುತ್ತಿತ್ತು ಎಂಬುದು ಡಿಸ್ಚಾರ್ಜ್ ಕಾರ್ಡಿನಲ್ಲಿ ಅಚ್ಚಾಗಿರುವ ಕಾಲಂ ಆಗಲಿ. ಫಿಸಿಯೋಥೆರಪಿಸ್ಟ್ ಒಮ್ಮೆ ನೋಡದೆ ಯಾರನ್ನೂ ಮನೆಗೆ ಕಳಿಸುವುದು ಬೇಡ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಆಪರೇಶನ್ ಆದವರಿಗೆ ಬ್ಯಾಂಡೇಜ್ ಚಿಕಿತ್ಸೆ, ವರ್ಷಕ್ಕೆ ಎರಡು ಜೊತೆ ತೋಳುಚೀಲ ಖರ್ಚಿಲ್ಲದೆ ಸಿಗುವಂತಾಗಲಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮಲ್ಲಿ ಹಳ್ಳಿಗಳಿಗೆ ಹೋಗುವುದು ಹೆಚ್ಚಾಗಿ ಖಾಸಗಿ ಬಸ್ಸು. ಬೈಂದೂರಿನವರು, ಸುಳ್ಯದವರು ಬ್ಯಾಂಡೇಜ್ ಕಟ್ಟಿಸಿಕೊಳ್ಳಲು ದಿನವೂ ಮಂಗಳೂರಿಗೋ ಮಣಿಪಾಲಕ್ಕೋ ಬರಲು ಸಾಧ್ಯವಿಲ್ಲ. ಫಿಸಿಯೋಥೆರಪಿ ಕಾಲೇಜುಗಳು ಇಷ್ಟೊಂದಿರುವ ಈ ಭಾಗದಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ ಕೈಬಾವಿನ ಕ್ಲಿನಿಕ್ ನಡೆಸುವುದು, ಮನೆಯಲ್ಲಿ ಬ್ಯಾಂಡೇಜ್ ಸುತ್ತಲು ರೋಗಿಯ ಮಗಳಿಗೋ ಸೊಸೆಗೋ ಕಲಿಸುವುದು ಖಂಡಿತ ಸಾಧ್ಯ. ಮಳೆಗಾಲದಲ್ಲಿ ಸೋಂಕು ಹೆಚ್ಚುವ ಮೊದಲೇ, ಮೇ ತಿಂಗಳೊಳಗೆ ಇದು ಶುರುವಾಗಲಿ.

– ಸ್ತನ ಕ್ಯಾನ್ಸರ್ ರೋಗಿಗಳ ಶುಶ್ರೂಷೆ ಮತ್ತು ಫಿಸಿಯೋಥೆರಪಿಯಲ್ಲಿ ತೊಡಗಿರುವವರು, ಮಂಗಳೂರು ಮತ್ತು ಉಡುಪಿ